ಬಂದರಿನಲ್ಲಿ ಅವ್ವನ ಕಷಾಯ

ಗೋವಾ ಬಂದರು. ಹಡಗು ಹತ್ತುವವರ ಸಾಲು ನಮ್ಮ ಹಾನಗಲ್ಲಿನಿಂದ ತಿಳವಳ್ಳಿಯವರೆಗಿನಷ್ಟು ಉದ್ದ, ನನ್ನ ಹೆದರಿಕೆ ಅದಕ್ಕಿಂತ ಉದ್ದ. ಕಾರಣ ಅವ್ವನ ಚೀಲದಲ್ಲಿದೆ. ಸಮುದ್ರದ ಗಾಳಿಗೆ ಕೆಮ್ಮು ಬರುತ್ತದೆಂದು ಅವಳು ಕುದಿಸಿದ ಎರಡು ಬಾಟ್ಲಿ ಕಷಾಯವನ್ನು ನಿನ್ನೆ ಹಿತ್ತಲ ಬಾಳೆಗಿಡಕ್ಕೆ ಕುಡಿಸಿ, ಈಗ ಪಕ್ಕದಲ್ಲೇ ನಿಂತಿರುವ ಮಾಮಾನ ಅದೇ ಬಣ್ಣದ ರಮ್ ತುಂಬಿದ ಮಹಾನುಭಾವ ನಾನೇ. ಹಡಗಿನೊಳಗೆ ಹೊರಗಿನ ದಾರೂ ಒಯ್ಯುವಂತಿಲ್ಲ. ಮೇಲಾಗಿ ಮಾಮಾ ಕುಡಿತ ಬಿಟ್ಟೆನೆಂದು ಅವ್ವನ ತಲೆ ಮುಟ್ಟಿ ಆಣೆ ಮಾಡಿ ಇನ್ನೂ ತಿಂಗಳಾಗಿಲ್ಲ. ನಶ್ಯ ಏರಿಸಿ ಏರಿಸಿ ಅವ್ವನ ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲ ಎಂಬುದೊಂದೇ ನಮ್ಮ ಧೈರ್ಯ.

ತಪಾಸಣೆಯ ಅಧಿಕಾರಿ ಬಾಟ್ಲಿ ಎತ್ತಿ, "ಇದೇನ್ರಿ?" ಎಂದ. ನಮ್ಮ ಕಡೆಯವನೇ. ಕೇಳುತ್ತಲೇ ಕೆಮ್ಮಿದ. ಅಲ್ಲಿಗೆ ನಮ್ಮ ಕಥೆ ಮುಗಿಯಿತು. ಕೆಮ್ಮುವವರನ್ನು ಕಂಡರೆ ಅವ್ವ ಸುಮ್ಮನಿರುವವಳಲ್ಲ.

"ಕಷಾಯ ಐತ್ರಿ ಅಣ್ಣಾರ. ಒಂದ ಮುಚ್ಚಳ ಕುಡೀರಿ, ಎದಿ ಹಗುರಾಕ್ಕೈತಿ."

"ಬ್ಯಾಡ್ರಿ ಅಕ್ಕಾರ."

"ನಾಚ್ಕೋಬ್ಯಾಡ್ರಿ" ಎಂದು ಅವ್ವ ಮುಚ್ಚಳ ತುಂಬಿ ಅವನ ಬಾಯಿಗೇ ಹಿಡಿದಳು.

ಅವನು ನುಂಗಿದ. ಅವನ ಕಣ್ಣು ಮೊದಲು ಮಾಮಾನ ಮೇಲೆ, ಆಮೇಲೆ ನನ್ನ ಮೇಲೆ ನಿಂತಿತು. ಕೆಮ್ಮಂತೂ ಪೂರ್ತಿ ನಿಂತಿತ್ತು.

"ಭಾಳ ಖಡಕ್ ಐತ್ರಿ ಅಕ್ಕಾರ. ಆದ್ರ ಇದನ್ನ ಹಡಗಿಗೆ ಬಿಡಂಗಿಲ್ಲ. ಇಲ್ಲೇ ಇರ್ಲಿ."

"ಇರ್ಲಿ ತಗೋರಿ. ರೊಟ್ಟಿ ಗಂಟಿನ್ಯಾಗ ಇನ್ನೊಂದು ಐತಿ, ಅದನ್ನೂ ಇಟ್ಕೋರಿ" ಎಂದು ಅವ್ವ ಗಂಟು ಬಿಚ್ಚತೊಡಗಿದಳು.

ಮಾಮಾನಿಗೆ ಕೆಮ್ಮು ಶುರುವಾದದ್ದು ಆಗಲೇ, ಹಡಗಿನ ಭೋಂಗಾ ಕೂಗಿದ್ದೂ ಕೇಳದಷ್ಟು ಜೋರಾಗಿ.