ಬೆರಳಿಗೆ ಸಿಗದ ಗೋನಾಳ

ಮಾದಾಪುರದ ಆ ಗಾಜಿನ ಕಟ್ಟಡಕ್ಕೆ ಸುಗಲಮ್ಮ ಎರಡು ಸಲ ಕೆಲಸಕ್ಕೆ ಸೇರಿದವಳು. ಮೊದಲ ಸಲ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು; ಆಗ ಅದಕ್ಕೆ ಗಾಜಿರಲಿ, ಗೋಡೆಯೂ ಇರಲಿಲ್ಲ. ಎರಡನೆಯ ಸಲ ನೀಲಿ ಕೋಟು ತೊಟ್ಟು, ಫಿನೈಲಿನ ಬಕೆಟ್ಟು ಹಿಡಿದು. ತಾನೇ ಗಾರೆ ಹೊತ್ತ ಮೆಟ್ಟಿಲುಗಳನ್ನು ತಾನೇ ಒರೆಸುತ್ತ ಎಂಟು ವರ್ಷ ಕಳೆದಳು. ಕೂಕಟ್‌ಪಲ್ಲಿಯ ಒಂದೇ ಕೋಣೆಯಲ್ಲಿ ಸಂಸಾರ. ಹೊಸ್ತಿಲಿನಾಚೆ ತೆಲುಗು, ಈಚೆ ಕನ್ನಡ. ಗಂಡ ದ್ಯಾವಪ್ಪನ ಜೊತೆಗಿನ ಜಗಳವೂ ಕನ್ನಡದಲ್ಲೇ.

ಅವಳ ಊರು ಕೃಷ್ಣೆಯ ದಂಡೆಯ ಗೋನಾಳ. ಊರು ಎನ್ನಬೇಕೋ, ಊರಾಗಿತ್ತು ಎನ್ನಬೇಕೋ. ಅಣೆಕಟ್ಟಿನ ಹಿನ್ನೀರು ಬಂದಾಗ ಜನ ತೊಲೆ, ಬಾಗಿಲು ಕಿತ್ತುಕೊಂಡರು, ದೇವರನ್ನೂ ಹೊತ್ತುಕೊಂಡು ಗುಡ್ಡ ಹತ್ತಿದರು. ಸುಗಲಮ್ಮನ ಅವ್ವನನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು. ಅವಳನ್ನು ಹೊತ್ತೊಯ್ಯುವುದು ಹೇಗೆ? ಅವ್ವ ಅಲ್ಲೇ ಉಳಿದಳು. ಪ್ರತಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಸುಗಲಮ್ಮನ ಕೈ ಒಂದು ಗಳಿಗೆ ತಡೆಯುತ್ತಿತ್ತು. ಆ ಜಾಗವನ್ನು ಒಮ್ಮೆ ಕಣ್ಣಿಂದ ಕಂಡರೆ ಸಾಕು, ಅವಳಿಗೆ ಇದ್ದದ್ದು ಅದೊಂದೇ ಆಸೆ. ಹೋಗಿ ನೋಡೋಣವೆಂದರೆ ನೀರಿಗೆ ಗುರುತೆಲ್ಲಿ? ದಂಡೆಯಲ್ಲಿ ನಿಂತವರಿಗೆ ಎಲ್ಲ ನೀರೂ ಒಂದೇ.

ಎರಡು ಸಾವಿರದ ಹನ್ನೆರಡರಲ್ಲಿ ಆ ಕಟ್ಟಡದ ಸಾಫ್ಟ್‌ವೇರ್ ಕಂಪನಿಯವರಿಗೆ ಹೊಸ ಹುಚ್ಚು ಹಿಡಿಯಿತು. ಕೈಯಲ್ಲಿ ಹಿಡಿಯುವ ಟ್ಯಾಬಿಗೂ ಮೇಜಿನ ಮೇಲಿನ ಕಂಪ್ಯೂಟರಿಗೂ ಒಂದೇ ವ್ಯವಸ್ಥೆ ಆಗಬೇಕಂತೆ. ಬೆರಳಿಗೆ ಹೊಂದಿಸಿದರೆ ಮೌಸಿಗೆ ಒಗ್ಗದು, ಮೌಸಿಗೆ ಹೊಂದಿಸಿದರೆ ಬೆರಳಿಗೆ ಒಗ್ಗದು. ದೊಡ್ಡ ದೊಡ್ಡ ಓದು ಓದಿದವರೆಲ್ಲ ಎರಡು ದೋಣಿಯ ಮೇಲೆ ಕಾಲಿಟ್ಟು ಒದ್ದಾಡುತ್ತಿದ್ದರು. ಅವರ ಮುಖ್ಯಸ್ಥ ಮೋಹನನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಮೌಸಿನ ಕಾಲ ಮುಗಿಯಿತು, ಇನ್ನು ಬೆರಳಿನದೇ ಕಾಲ ಎನ್ನುತ್ತಿದ್ದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ನಾವು ಸುಮ್ಮನೆ ಅನ್ನುತ್ತೇವೆಯೇ! ಆ ಹೊಸ ವ್ಯವಸ್ಥೆಯನ್ನು ಪರೀಕ್ಷಿಸಲು ಕಂಪ್ಯೂಟರನ್ನು ಬಳಸಿಯೇ ಇರದವರು ಬೇಕಾಗಿದ್ದರು. ಆ ಕಟ್ಟಡದಲ್ಲಿ ಅಂಥವರು ಸಿಗುತ್ತಿದ್ದುದು ಪೊರಕೆ ಹಿಡಿದವರಲ್ಲೇ. ಪರೀಕ್ಷೆ ನಡೆಸುವ ಹುಬ್ಬಳ್ಳಿಯ ಹುಡುಗಿ ರಶ್ಮಿ ಸುಗಲಮ್ಮನನ್ನು ಕರೆದಳು.

ಎಂಟು ವರ್ಷ ಒರೆಸಿದ ಕುರ್ಚಿಯಲ್ಲಿ ಅವಳು ಕೂತದ್ದು ಅವತ್ತೇ ಮೊದಲು. ಎದುರಿನ ಪರದೆಯ ಮೇಲೆ ಮೇಲಿನಿಂದ ತೆಗೆದ ನೆಲದ ಚಿತ್ರ.

"ಬೆರಳಿಂದ ಸರಸ್ರಿ, ಸುಗಲಮ್ಮಾರ. ನಿಮ್ಮೂರು ಹುಡುಕೂಣು."

ಸುಗಲಮ್ಮ ಬೆರಳಿಟ್ಟಳು. ಏನೂ ಆಗಲಿಲ್ಲ. ಒತ್ತಿದಳು, ತಿಕ್ಕಿದಳು. ಸುಣ್ಣ, ಸಿಮೆಂಟು, ಆ್ಯಸಿಡ್ಡು ತಿಂದು ಒಣಗಿ ಗಟ್ಟಿಯಾಗಿದ್ದ ಆ ಬೆರಳನ್ನು ಗಾಜು ಬೆರಳೆಂದು ಒಪ್ಪಲೇ ಇಲ್ಲ. ಹಿಂದೆ ನಿಂತಿದ್ದ ಮೋಹನ ಮುಖ ಹುಳ್ಳಗೆ ಮಾಡಿದ. ರಶ್ಮಿ ಮೌಸನ್ನು ಅವಳ ಕೈಗಿಟ್ಟು, ಹಿಡಿದು ಎಳೆಯುವುದನ್ನು ತೋರಿಸಿ, ಕೃಷ್ಣೆಯವರೆಗೆ ಕರೆದೊಯ್ದು ಬಿಟ್ಟಳು.

ಮುಂದಿನದನ್ನು ಯಾರೂ ತೋರಿಸಬೇಕಾಗಲಿಲ್ಲ. ಓದು ಬಾರದ ಸುಗಲಮ್ಮ ಹೊಳೆಯನ್ನೇ ಓದುತ್ತ ಹೋದಳು.

"ಇಲ್ಲೆ ಹೊಳಿ ಕುಡಗೋಲಿನಂಗ ಬಾಗತೈತಿ ನೋಡ್ರಿ, ಅಕ್ಕಾರ. ಇದ ಗೋನಾಳ."

ಬೇಸಿಗೆಯಲ್ಲಿ ತೆಗೆದ ಚಿತ್ರವಿರಬೇಕು. ನೀರು ತಗ್ಗಿ, ಹೊಲಗಳ ಬದುಗಳು ಗೆರೆಗೆರೆಯಾಗಿ ಎದ್ದಿದ್ದವು. ಹಣಮಪ್ಪನ ಗುಡಿಯ ಕಟ್ಟೆಯಿಂದ ಅವಳು ಎಣಿಸಿದಳು. ಒಂದು, ಎರಡು, ಮೂರು. ನಾಲ್ಕನೆಯ ಬದುವಿನ ಕೊನೆಯಲ್ಲಿ, ನೀರಿನಂಚಿಗೆ, ಬಾಣದ ಗುರುತು ನಿಂತಿತು.

"ಇಲ್ಲೆ ನಮ್ಮವ್ವ ಅದಾಳ."

ಊರು ಮುಳುಗಿದಂದಿನಿಂದ ಹೊತ್ತ ಹನ್ನೊಂದು ವರ್ಷದ ಹಂಬಲ ಕಣ್ಣಿಂದ ಇಳಿಯಿತು. ಬೆರಳಿಂದಲೇ ಒರೆಸಿಕೊಂಡಳು. ಅದೇ ಬೆರಳನ್ನು ಮೆಲ್ಲಗೆ, ಅವ್ವನ ಪಾದ ಮುಟ್ಟುವ ಹಾಗೆ, ಆ ಜಾಗದ ಮೇಲಿಟ್ಟಳು. ಒದ್ದೆ ಬೆರಳನ್ನು ಗಾಜು ಒಪ್ಪಿಕೊಂಡಿತು. ಬೆರಳು ಒಂದಿಷ್ಟು ಸರಿದದ್ದಷ್ಟೇ, ಗುಡಿ, ಬದು, ಅವ್ವ ಎಲ್ಲ ಜಾರಿ ಹೋಗಿ ಬರೀ ನೀಲಿ ನೀರು ಉಳಿಯಿತು.

"ಬಂತು, ಬಂತು. ಬೆರಳು ಕೆಲಸ ಮಾಡ್ತು," ಎಂದ ಮೋಹನ, ಗೆದ್ದವನ ದನಿಯಲ್ಲಿ.

"ಎಲ್ಲಿ ಹೋತ್ರಿ?" ಸುಗಲಮ್ಮನ ದನಿ ಸಣ್ಣಗಾಗಿತ್ತು. "ಮತ್ತ ಮುಳುಗಿತೇನ್ರಿ?"

ರಶ್ಮಿ ಊರನ್ನು ಹಿಂದಕ್ಕೆ ತಂದು ಮೌಸು ಕೊಟ್ಟಳು. ಸುಗಲಮ್ಮ ಬಾಣವನ್ನು ನಾಲ್ಕನೆಯ ಬದುವಿಗೆ ಒಯ್ದು, ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಾಣ ಅಲ್ಲೇ ನಿಂತಿತು, ಊರೂ ನಿಂತಿತು.

"ಬೆರಳು ಬ್ಯಾಡ್ರಿ," ಎಂದಳು. "ಮುಟ್ಟಿದ್ರ ಹೋಗತೈತಿ. ಇದಾದ್ರ ಮುಟ್ಟಲಾರದಂಗ ಬಾಜೂಕ ನಿಂದರತೈತಿ. ಇದ ಇರ್ಲಿ."

ಮೌಸು ಇರಬೇಕೋ ಬೇಡವೋ ಎಂದು ಆರು ತಿಂಗಳು ಜಗಳಾಡಿದ್ದವರಿಗೆ ಅದಕ್ಕಿಂತ ಸರಿಯಾದ ಮಾತನ್ನು ಯಾರೂ ಹೇಳಿರಲಿಲ್ಲ. ರಶ್ಮಿ ಅದನ್ನು ಕನ್ನಡದಲ್ಲೇ ಬರೆದುಕೊಂಡಳು. ಹೊತ್ತು ಮುಗಿಯಿತು, ಪರದೆ ಆರಿತು, ಸುಗಲಮ್ಮ ಬಕೆಟ್ಟು ಎತ್ತಿಕೊಂಡಳು.

ಮರುದಿನದಿಂದ ಅವಳು ಎಂದಿನಂತೆ ಸಾಲಾಗಿ ಪರದೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಬರುತ್ತಿದ್ದಳು. ಕಿಟಕಿಯ ಪಕ್ಕದ, ಗೋನಾಳ ಕಂಡಿದ್ದ ಆ ಒಂದರ ಎದುರು ಬಂದಾಗ ಅಂಚು ಒರೆಸಿ, ಮೇಜು ಒರೆಸಿ, ಗಾಜನ್ನು ಮುಟ್ಟದೆ ಮುಂದೆ ಹೋಗುತ್ತಿದ್ದಳು. ಅಷ್ಟೊಂದು ಧೂಳು ಯಾಕೆಂದು ಮೋಹನ ಎರಡು ಸಲ ಕೇಳಿದ. ಸುಗಲಮ್ಮ ತಲೆ ತಗ್ಗಿಸಿ ನಿಂತಳು, ಒರೆಸಲಿಲ್ಲ.