ಈರಣ್ಣನ ಗಂಟಲು ಮತ್ತು ಬಸಿಯ ಕೆಳಗಿನ ಎಂಟಾಣೆ

ಎಂಬತ್ನಾಲ್ಕರ ಜನವರಿಯಲ್ಲಿ ನನ್ನ ಸೋದರಮಾವನಿಗೆ ನವಲಗುಂದದ ಜಮಖಾನ ಬೇಕಾಯಿತು. ಮಾವ ಹುಬ್ಬಳ್ಳಿಯಲ್ಲಿ ಶಾಲಾ ಮಾಸ್ತರು. ನಾನು ಬಿ.ಎ. ಪರೀಕ್ಷೆಗೆ ಎರಡನೇ ಸಲ ಕೂತವನು, ಅಂದರೆ ಜಮಖಾನ ಹೊರಲು ಬಿಡುವಿದ್ದವನು. ಹುಬ್ಬಳ್ಳಿಯಿಂದ ನವಲಗುಂದಕ್ಕೆ ನೇರ ಬಸ್ಸಿದೆ. ಆದರೆ ರೈಲಿನಲ್ಲಿ ಅಣ್ಣಿಗೇರಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದರೆ ತಲೆಗೆ ಎಂಬತ್ತು ಪೈಸೆ ಉಳಿಯುತ್ತದೆಂದು ಮಾವ ಲೆಕ್ಕ ತೆಗೆದರು. ಅದಕ್ಕೆ ಅರ್ಧ ದಿನ ಹೆಚ್ಚು ಹಿಡಿಯುತ್ತದೆ ಎಂಬುದು ಲೆಕ್ಕದಲ್ಲಿ ಬರಲಿಲ್ಲ.

ಪ್ಯಾಸೆಂಜರ್ ಗಾಡಿ ಮೂವತ್ತೈದು ಕಿಲೋಮೀಟರಿಗೆ ಒಂದೂವರೆ ತಾಸು ತಿಂದಿತು. ಎರಡೂ ಬದಿಗೆ ಕರಿನೆಲ, ಕಡಲೆ, ನಡುನಡುವೆ ಕುಸುಬೆ. ಎದುರಿಗೆ ಕೂತ ಹೆಣ್ಣುಮಗಳು ಹಸಿಗಡಲೆ ಕೊಟ್ಟಳು. ನಾನು ಟಿಕೀಟು ಕಲೆಕ್ಟರರ ದನಿ ತೆಗೆದು ಮೂರು ಮಂದಿ ಕಿಸೆ ತಡಕುವಂತೆ ಮಾಡಿದೆ. ಮೂರನೆಯವರು ಮಾವ.

"ಲೇ ಮಂಗ್ಯಾ, ನಿಂದ ಅಂತ ಒಂದು ದನಿ ಐತೋ ಇಲ್ಲೋ?"

ಇತ್ತು. ಅದು ಕೇಳುವಂತಿದ್ದರೆ ಮಂದಿಯದನ್ನು ಯಾಕೆ ಕದಿಯುತ್ತಿದ್ದೆ?

ಹನ್ನೆರಡಕ್ಕೆ ಅಣ್ಣಿಗೇರಿ ಮುಟ್ಟಿದೆವು. ಸಂತೆಯ ದಿನ. ನವಲಗುಂದದ ಬಸ್ಸು ಒಂದೂವರೆಗೆ. ಸ್ಟ್ಯಾಂಡಿನೆದುರಿನ ಹೊಟೇಲಿಗೆ ಹೋದೆವು. ಅಲ್ಲಿಯ ಸಪ್ಲಾಯರ್ ಈರಣ್ಣನನ್ನು ಹಿಂದೆಯೂ ನೋಡಿದ್ದೆ, ಕೇಳಿದ್ದೆ. ಆ ಹೊಟೇಲಿನಲ್ಲಿ ಬಿಲ್ಲಿನ ಚೀಟಿ ಇರಲಿಲ್ಲ. ತಿಂದವರು ಎದ್ದ ಕೂಡಲೇ ಈರಣ್ಣ ಒಳಕೋಣೆಯಿಂದ ರೊಕ್ಕದ ಗಲ್ಲೆಗೆ ಕೂಗುತ್ತಿದ್ದ: "ಹಸರ ಪಟಗಾss, ಒಂದು ರೂಪಾಯಿ ತೊಂಬತ್ತು!" ತಲೆಯ ಪಟಗವೋ ಹೆಗಲ ಕಂಬಳಿಯೋ ಗಿರಾಕಿಯ ಗುರುತು. ನಡುವೆ ಗೋಡೆ. ಗಲ್ಲೆಯ ಮೇಲಿನ ಮಾಲಕರಿಗೆ ಒಳಗಿನದು ಕಾಣುವುದಿಲ್ಲ, ಕೇಳಬೇಕು.

ಕೂಡುತ್ತಲೇ ನಾನು ಚೇಷ್ಟೆಗೆ ಈರಣ್ಣನ ದನಿಯಲ್ಲೇ ಕೂಗಿದೆ: "ಎರಡು ಚಾss!"

ಗೋಡೆಯಾಚೆಯಿಂದ ಮಾಲಕರು ಒದರಿದರು: "ಹಾಂ! ಬಂತಲ್ಲೋ ಈರಣ್ಣಾ ದನಿ! ಬದುಕಿದಿ ನೋಡು!"

ಕೊರಳಿಗೆ ಮಫ್ಲರ್ ಸುತ್ತಿಕೊಂಡ, ಐವತ್ತರ ಈರಣ್ಣ ನನ್ನೆದುರು ಕಣ್ಣರಳಿಸಿ ನಿಂತಿದ್ದ. ಬಾಯಿ ತೆರೆದರೆ ಬರೀ ಗಾಳಿ. ಆ ಗಾಳಿಯಲ್ಲೇ ಪಿಸುಗುಟ್ಟಿದ: "ಮೂರು ದಿನಾ ಆತ್ರಿ, ಗಂಟಲಾ ಬಿದ್ದೈತಿ. ಇವತ್ತ ದನಿ ಬರಲಿಲ್ಲಂದ್ರ ಅಡಗಿಮನಿ ಒಳಗ ಹೋಗಿ ಮುಸುರಿ ತಿಕ್ಕು ಅಂದಾರ ಮಾಲಕರು, ನನ್ನ ಜಾಗಾಕ್ಕ ಅವರ ಅಳಿಯನ್ನ ತರತಾರಂತ. ಒಮ್ಮೆ ಒಳಗ ಹೋದ್ರ ಮುಗೀತ್ರಿ. ಮುಸುರಿ ತಿಕ್ಕಾಂವಗ ಬಸಿ ಕೆಳಗ ಯಾರು ರೊಕ್ಕಾ ಇಡ್ತಾರ?"

ಆಗಲೇ ಪಕ್ಕದ ಟೇಬಲ್ಲಿನವರು ಎದ್ದರು. ಈರಣ್ಣ ನನ್ನತ್ತ ನೋಡಿ ಬೆರಳು ಎತ್ತಿ ತೋರಿಸಿದ: ಎರಡು, ನಂತರ ನಾಲ್ಕು. ನಾನು ಕೂಗಿದೆ: "ಕರೀ ಕಂಬಳಿss, ಎರಡು ರೂಪಾಯಿ ನಲವತ್ತು!"

ಹೀಗೆ ಒಂದು ತಾಸು. ಈರಣ್ಣ ಬೆರಳು, ನಾನು ಗಂಟಲು. ಕುರ್ಚಿ ಬಿಡುವಂತಿರಲಿಲ್ಲ, ಆದ್ದರಿಂದ ತಿನ್ನುತ್ತಿರಬೇಕಾಯಿತು. ಮಾವ ಎರಡು ಪ್ಲೇಟು ಮಿರ್ಚಿ, ಒಂದು ಉಪ್ಪಿಟ್ಟು, ಮೂರು ಚಹಾ ಮುಗಿಸಿ, "ಇದು ಸುಳ್ಳಿನ ಕೆಲಸಾ" ಅನ್ನುತ್ತ ಗಿರಮಿಟ್ಟಿಗೆ ಕೈ ಹಾಕಿದರು. ಒಳಗಿದ್ದವರೆಲ್ಲ ನೋಡಿದರು, ನಕ್ಕರು. ಒಬ್ಬರೂ ಹೊರಗೆ ಬಾಯಿ ಬಿಡಲಿಲ್ಲ.

ಯರಗುಪ್ಪಿಯ ರೈತರೊಬ್ಬರು ನನ್ನ ಚಹಾದ ಬಸಿಯ ಕೆಳಗೆ ಎಂಟಾಣೆ ತಳ್ಳಿದರು. ನನ್ನ ಕೈ ತಾನಾಗಿ ಹೋಯಿತು. ಈರಣ್ಣ ಬೇರೆ ಕಡೆ ನೋಡಿದ.

"ಅದು ನಿಂದೇನಲೇ?" ಅಂದರು ಮಾವ.

"ಕೂಗಿದಾಂವ ನಾನು."

"ನಿಂದೂ ಅಲ್ಲ, ಅವಂದೂ ಅಲ್ಲ. ಅದು ಲಂಚಾ."

ರೈತರಿಗೆ ಸಿಟ್ಟು ಬಂತು. "ಲಂಚಾ ಕೆಲಸಕ್ಕಿಂತ ಮೊದಲ ಕೊಡೂದ್ರಿ ಮಾಸ್ತರ. ಇದು ಉಂಡ ಮ್ಯಾಗಿಂದು."

"ಹಂಗಾದ್ರ ಬಸಿ ಕೆಳಗ ಯಾಕ ಮುಚ್ಚಿ ಇಡ್ತೀರಿ?"

ರೈತರು ಪಟಗಾದೊಳಗೆ ಬೆರಳು ಹಾಕಿ ತುರಿಸಿಕೊಂಡರು. ನಾನು ನಾಣ್ಯವನ್ನು ಈರಣ್ಣನ ಟ್ರೇಗೆ ಹಾಕಿದೆ. ಎಷ್ಟಂದರೂ ನನ್ನ ಕೂಗು ಕದ್ದ ಮಾಲು.

ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಕೋಣೆಯಲ್ಲಿ ಇನ್ನೂ ಇಪ್ಪತ್ತು ಮಂದಿ. ನಾವು ಎದ್ದದ್ದು ಕಂಡು ಈರಣ್ಣನ ಟ್ರೇ ಕೆಳಗಿಳಿಯಿತು.

ಆಗ ಯರಗುಪ್ಪಿಯವರು ಎದ್ದು ನಿಂತು ಒದರಿದರು: "ನಂದು ಒಂದು ರೂಪಾಯಿ ಎಂಬತ್ತು! ಮ್ಯಾಲ ಈರಣ್ಣಗ ಎಂಟಾಣೆ ಕೊಟ್ಟೇನಿ, ಬಸಿ ಮುಚ್ಚಿಲ್ಲ, ಮಾಸ್ತರ ಸಾಕ್ಷಿ!"

ಮಾಲಕರು ಗಲ್ಲೆ ಬಿಟ್ಟು ಒಳಕೋಣೆಯ ಬಾಗಿಲಿಗೆ ಬಂದು ನಿಂತರು. "ಇಷ್ಟೊತ್ತು ಕೂಗಿದಾಂವ ಯಾರು?"

"ನಾನ್ರಿ." ಹೆದರಿಕೆಗೆ ನನ್ನ ಸ್ವಂತ ದನಿಯೇ ಹೊರಬಿತ್ತು, ಇಲಿಯದ್ದಕ್ಕಿಂತ ಸಣ್ಣದು. ಮಧ್ಯಾಹ್ನವಿಡೀ ನಾನು ಗಳಿಸದಷ್ಟು ನಗೆ ಅದಕ್ಕೆ ಬಿತ್ತು.

ಮಾಲಕರು ಮಾತ್ರ ನಗಲಿಲ್ಲ. "ಅಂದ್ರ ಈರಣ್ಣಗ ದನಿ ಬಂದಿಲ್ಲ."

ಮೂಲೆಯಲ್ಲಿ ದೋಸೆ ಮುರಿಯುತ್ತಿದ್ದ, ಸಂತೆಗೆ ಬದನೆಕಾಯಿ ತಂದಿದ್ದ ಅಜ್ಜಿ ತಲೆಯೆತ್ತಿದಳು. "ಅಂವಾ ದೋಸಿ ತರೂದು ಕೈಯಾಗೋ, ಗಂಟಲದಾಗೋ? ಬಿಸೀದು ತಂದು ಕೊಟ್ಟಾನ, ಸಾಕು. ಒದರೂದೇನು, ನಾವ ಒದರತೀವಿ." ಕೂತಲ್ಲಿಂದಲೇ ಕೂಗಿದಳು: "ಮುದುಕೀದು ಒಂದು ಐವತ್ತು! ಈರಣ್ಣಂದು ನಾಲ್ಕಾಣೆ!"

ಆಮೇಲೆ ತಡೆಯೇ ಇಲ್ಲ. ಒಬ್ಬ ಹರಾಜಿನಂತೆ, ಇನ್ನೊಬ್ಬ ಭಜನೆಯಂತೆ. ಎಲ್ಲರೂ ಈರಣ್ಣನ ನಕಲು ಮಾಡಿದರು, ಎಲ್ಲರೂ ನನಗಿಂತ ಕೆಟ್ಟದಾಗಿ ಮಾಡಿದರು. ಮಾವ ಹಾಜರಿ ಕರೆಯುವ ದನಿಯಲ್ಲಿ ನಮ್ಮ ಒಂಬತ್ತು ರೂಪಾಯಿ ಹೇಳಿ, ಈರಣ್ಣನದೊಂದು ರೂಪಾಯಿಯನ್ನು ಎಲ್ಲರೆದುರು ಅವನ ಕೈಗೆ ಕೊಟ್ಟರು. ಎಲ್ಲರ ಮುಂದೆ ಕೊಟ್ಟದ್ದು ಲಂಚವಲ್ಲ ಎಂದು ಬಸ್ಸಿನ ತನಕ ನನಗೆ ಪಾಠ. ಮಾಲಕರು ಸಿಟ್ಟಿನ ಮುಖ ಹಿಡಿದಿಡಲು ನೋಡಿದರು. ಗಲ್ಲೆಯ ಮುಂದೆ ಜನ ಸಾಲುಗಟ್ಟಿದ್ದರಿಂದ ಓಡಬೇಕಾಯಿತು.

ಬಸ್ಸು ಹೊರಟಾಗ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಈರಣ್ಣ ಟ್ರೇ ಹಿಡಿದುಕೊಂಡೇ ಹೊಟೇಲಿನ ಬಾಗಿಲಿಗೆ ಬಂದಿದ್ದ. ನಮ್ಮತ್ತ ಬಾಯಿ ಅಗಲಿಸಿ ಏನೋ ಅಂದ. ಕೇಳಲಿಲ್ಲ. ಅವನ ಹಿಂದೆ ಗಲ್ಲೆಯ ಮೇಲೆ ಕೂತ ಮಾಲಕರು ರೊಕ್ಕ ಎಣಿಸುವುದನ್ನು ನಿಲ್ಲಿಸಿ, ಸಂತೆಗೆಲ್ಲ ಕೇಳುವಂತೆ ಕೂಗಿದರು:

"ಹೋಗಿ ಬರ್ರಿ ಅಂತಾನ್ರೀss!"