ಮಾವನ ಹನ್ನೊಂದು ಅಕ್ಷರ

ನೋಡ್ರಪ್ಪಾ, ಇವತ್ತು ನನ್ನ ಕಂಪ್ಯೂಟರ್ ಮರ್ಯಾದೆ ಹೋಯ್ತು. ಪಕ್ಕದ ಮನೆ ಡಾರತಿ ಆಂಟಿ ಇಂಗ್ಲಿಷ್ ಅಕ್ಷರದ ಬಿಲ್ಲೆಗಳ ಡಬ್ಬಿ ತಂದಿದ್ರು. ಎಚ್, ಎಫ್, ಎನ್ ಮೂರೂ ಇರೋ ಪದ ಹುಡುಕಬೇಕು, ಉದ್ದದ ಪದ ಗೆಲ್ಲುತ್ತೆ. ಅವರು 'ಫರ್ನಿಶ್' ಅಂದ್ರು. ನಾನು ಇದಕ್ಕಂತಲೇ ಬರೆದ ಪ್ರೋಗ್ರಾಂ ಓಡಿಸಿದೆ. ಫ್ಲಾಪಿ ಗರಗರ ಅಂತಾನೇ ಇತ್ತು.

ಅಷ್ಟರಲ್ಲಿ ಆಂಟಿ ಎದುರಿಗೆ ಕೂತು, ನಾನು ಕನ್ನಡದಲ್ಲಿ ಹೇಳಿದ ಆಟದ ನಿಯಮ ಕೇಳಿಸಿಕೊಂಡಿದ್ದ ನಮ್ಮ ಮಾವ ಕೈ ಚಾಚಿದ್ರು. ಹುಬ್ಬಳ್ಳಿ ಪ್ರೆಸ್‌ನಲ್ಲಿ ಆಯುಷ್ಯವಿಡೀ ಅಚ್ಚುಮೊಳೆ ತಲೆಕೆಳಗಾಗಿಯೇ ಜೋಡಿಸಿದವರು. ಅಮೆರಿಕದ ಈ ಶ್ಯಾಂಟಿಲಿಗೆ ಬಂದು ತಿಂಗಳಾದ್ರೂ, ಇಂಗ್ಲಿಷ್ ಬರಲ್ಲ ಅಂತ ಹೊರಗಿನವರ ಹತ್ರ ಬಾಯಿ ಬಿಟ್ಟಿರಲಿಲ್ಲ. ಬೆಳಿಗ್ಗೆ ತಾನೇ "ನನ್ನ ಊರಿಗೆ ಕಳಿಸಿಬಿಡ್ರಿ" ಅಂದಿದ್ರು.

ಟಕಟಕ ಅಂತ ಬಿಲ್ಲೆ ಜೋಡಿಸಿದ್ರು, ತಮಗೆ ತಲೆಕೆಳಗು, ಆಂಟಿಗೆ ನೇರ: 'ಹಿಯರಿನಾಫ್ಟರ್'. ಇಂಗ್ಲಿಷಲ್ಲಿ ಹನ್ನೊಂದು ಅಕ್ಷರ!

ಆಂಟಿ ಹಣೆ ಚಚ್ಚಿಕೊಂಡ್ರು. "ಲಾಯರ್ ಆಫೀಸಲ್ಲಿ ಮೂವತ್ತು ವರ್ಷ ಇದನ್ನೇ ಟೈಪ್ ಮಾಡಿದೀನಿ!"

"ಹಾಗಂದ್ರೇನು ಮಾವ?" ಅಂದೆ.

"ಅರ್ಥ ನೋಡೂದು ಪ್ರೂಫ್ ರೀಡರ್ ಕೆಲಸ, ಅಳಿಯಂದ್ರ. ನಾ ಕರಾರುಪತ್ರದಾಗ ಸಾವಿರ ಸಲ ಜೋಡಿಸೀನಿ, ಅಷ್ಟ."

ಅದನ್ನ ಆಂಟಿಗೆ ಇಂಗ್ಲಿಷಲ್ಲಿ ಹೇಳಿದೆ. "ನಾನೂ ಅರ್ಥ ನೋಡಿದವಳಲ್ಲ" ಅಂತ ನಕ್ಕು, ಮಾವನ ಕೈ ಕುಲುಕಿ, ನಾಳೆ ಆಟಕ್ಕೆ ತಮ್ಮ ಮನೆಗೆ ಕರೆದ್ರು. ಮಾವ ಈಗ ಊರಿಗೆ ಹೋಗೋ ಮಾತು ಬಿಟ್ಟು ಶರ್ಟ್ ಇಸ್ತ್ರಿ ಮಾಡ್ತಿದ್ದಾರೆ.

ನನ್ನ ಪ್ರೋಗ್ರಾಂ? ಅದು ಹುಡುಕಿದ್ದು ಎಂಟು ಅಕ್ಷರದ ತನಕ ಮಾತ್ರ. ಅದಕ್ಕಿಂತ ಉದ್ದದ ಪದ ನಮ್ಮನೇಲಿ ಯಾರಿಗೆ ಗೊತ್ತಿರುತ್ತೆ ಅಂತ ಮಿತಿ ಹಾಕಿದವನು ನಾನೇ.